ಗುಳಿಗಿ ಕೊಟ್ಟ ಮೇಲಿನ ಮಾತು

ಬ್ಯಾಡಗಿ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್. ಹಂಗಾಮಿನ ದಿನಗಳಲ್ಲಿ ಹೊಸಬರು ಊರೊಳಗೆ ಕಾಲಿಟ್ಟರೆ ಮೊದಲು ಒಂದು ಸೀನು, ಆಮೇಲೆ ಮಾತು. ನಮ್ಮ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಆದರೆ ಮುಂಜಾನೆಯಿಂದ ಸಂಜೆವರೆಗೆ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಅವರ ಮೂಗಿಗೂ ಗಂಟಲಿಗೂ ಘಾಟು ಘಾಟೇ.

ಅಂಥ ಒಬ್ಬರು ಒಂದು ಸಂಜೆ ನಮ್ಮ ಔಷಧದಂಗಡಿಗೆ ಬಂದರು. ಸೆರಗಿನಲ್ಲಿ ಇನ್ನೂ ಮೆಣಸಿನಕಾಯಿ ಬೀಜ ಅಂಟಿಕೊಂಡಿದ್ದವು. ಕೈಯಲ್ಲಿ ದಮ್ಮಿನ ಔಷಧದ ಖಾಲಿ ಡಬ್ಬಿ. ಅದರಲ್ಲಿ ಪುಡಿ ತುಂಬಿದ ಕ್ಯಾಪ್ಸೂಲುಗಳಿರುತ್ತವೆ. ಚಿಕ್ಕದೊಂದು ಪ್ಲಾಸ್ಟಿಕ್ ಯಂತ್ರದೊಳಗೆ ಕ್ಯಾಪ್ಸೂಲು ಇಟ್ಟು, ತಿರುವಿ, ಬಾಯಿಗೆ ಹಚ್ಚಿ ಜೋರಾಗಿ ಉಸಿರು ಎಳೆದುಕೊಂಡರೆ ಪುಡಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

"ಅಣ್ಣಾರ, ಇದ ಇನ್ನೊಂದ್ ಡಬ್ಬಿ ಕೊಡ್ರಿ. ದಮ್ಮ ಕಡಿಮಿನ ಆಗವಲ್ದು."

ಕಪಾಟಿಗೆ ಕೈ ಚಾಚಿದವನು ಯಾಕೋ ಕೇಳಿದೆ. "ಹೆಂಗ್ ತಗೋತೀರಿ ಅಕ್ಕಾರ?"

"ಮುಂಜಾನಿ ಒಂದು, ರಾತ್ರಿ ಒಂದು. ನೀರಾಗ ನುಂಗತೀನ್ರಿ."

"ಅದರ ಜೋಡಿ ಮಶೀನ ಕೊಟ್ಟಿದ್ವಲ್ರಿ?"

"ಅದು ಮೊಮ್ಮಗನ ಆಟಕ್ಕಾಗೇತ್ರಿ."

ಮೂರು ತಿಂಗಳು ಆ ತಾಯಿ ಕ್ಯಾಪ್ಸೂಲು ನುಂಗಿದ್ದರು. ಎದೆಗೆ ಹೋಗಬೇಕಾದದ್ದು ಹೊಟ್ಟೆಗೆ ಹೋಗಿತ್ತು. "ಗುಳಿಗಿ ಅಂದ್ರ ನುಂಗೂದಲ್ಲೇನ್ರಿ ಮತ್ತ?" ಎಂದು ಆಕೆ ಕೇಳಿದರು. ನನಗೆ ಮಾತು ಹೊರಡಲಿಲ್ಲ. ಡಾಕ್ಟರು ಬರೆದದ್ದು ಸರಿಯಿತ್ತು. ಅಂಗಡಿಯವರು ಕೊಟ್ಟದ್ದು ಸರಿಯಿತ್ತು, ಬಿಲ್ಲೂ ಸರಿಯಿತ್ತು. ಮೊದಲ ಸಲ ಆ ಡಬ್ಬಿ ಕೊಟ್ಟವನು ನಾನೇ. ಟೆಂಡರ್ ದಿನದ ಗದ್ದಲದಲ್ಲಿ ಡಬ್ಬಿಯನ್ನೂ ಯಂತ್ರವನ್ನೂ ಚೀಲಕ್ಕೆ ಹಾಕಿ, ರೊಕ್ಕ ಎಣಿಸಿಕೊಂಡು ಕಳಿಸಿದ್ದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಇವತ್ತು ನಾನು ಮಾತಾಡಬೇಕಾದ ವಿಷಯಕ್ಕೆ 'ರೋಗಿ ಕೇಂದ್ರಿತ ಆರೈಕೆಯಲ್ಲಿ ಫಾರ್ಮಸಿಸ್ಟರ ಬದಲಾಗುತ್ತಿರುವ ಪಾತ್ರ' ಎಂದು ಹೆಸರು. ಹೆಸರು ಭಾರವಾಯಿತು. ಹಗುರ ಮಾಡಿ ಹೇಳುವುದಾದರೆ, ಆ ಕ್ಯಾಪ್ಸೂಲು ಎದೆಗೆ ಹೋಯಿತೋ ಹೊಟ್ಟೆಗೆ ಹೋಯಿತೋ ಎಂದು ನೋಡಿಕೊಳ್ಳುವುದು ಯಾರ ಕೆಲಸ? ನಮ್ಮದು ಎಂದು ಜಗತ್ತು ಈಗ ಹೇಳುತ್ತಿದೆ. ಅಮೆರಿಕದ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ ಎಂಬ ಇಬ್ಬರು ಪ್ರಾಧ್ಯಾಪಕರು 1990ರಲ್ಲಿ ಬರೆದ ಒಂದು ಲೇಖನದಿಂದ ಈ ವಿಚಾರಕ್ಕೆ ಬಲ ಬಂತು. ಔಷಧ ಕೊಟ್ಟದ್ದಷ್ಟೇ ಲೆಕ್ಕಕ್ಕೆ ಬಾರದು, ಅದರಿಂದ ರೋಗಿಗೆ ಏನಾಯಿತು ಎಂಬುದಕ್ಕೂ ಫಾರ್ಮಸಿಸ್ಟ್ ಹೊಣೆ ಎಂದು ಅವರ ವಾದ.

ನನಗೆ ಇದನ್ನು ಕೇಳಿದಾಗಲೆಲ್ಲ ನೆನಪಾಗುವುದು ಮಾತ್ರ ರಾಣೇಬೆನ್ನೂರಿನಲ್ಲಿದ್ದ ನಮ್ಮ ಕಾಕಾ. ಅವರು ಒಬ್ಬ ಡಾಕ್ಟರ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಓದಿದ್ದು ಮುಲ್ಕಿ ಪರೀಕ್ಷೆಯ ತನಕ. ಹಿರಿಯ ಕೇಳುಗರಿಗೆ ಆ ಔಷಧದ ಬಾಟಲಿ ನೆನಪಿರಬೇಕು. ಮನೆಯಿಂದಲೇ ಬಾಟಲಿ ತೊಳೆದು ಒಯ್ಯಬೇಕಿತ್ತು. ಕಾಕಾ ಅದರೊಳಗೆ ಕೆಂಪು ಮಿಕ್ಸ್ಚರ್ ತುಂಬಿ, ಒಂದು ಕಾಗದದ ಪಟ್ಟಿಯನ್ನು ಮಡಚಿ ಕತ್ತರಿಯಿಂದ ಕಚ್ಚು ಹಾಕಿ, ಬಿಚ್ಚಿ, ಅಂಟು ಸವರಿ ಬಾಟಲಿಯ ಬೆನ್ನಿಗೆ ಹಚ್ಚುತ್ತಿದ್ದರು. ಒಂದು ಕಚ್ಚಿಗೆ ಒಂದು ಡೋಸ್. ಓದು ಬಾರದ ಮುದುಕಿಗೂ ಅದು ತಿಳಿಯುತ್ತಿತ್ತು. ಬಾಟಲಿ ಕೈಗೆ ಕೊಡುವಾಗ, "ಅಲುಗಾಡ್ಸಿ ಕುಡೀಬೇ, ಇಲ್ಲಾಂದ್ರ ಕಡೀ ಡೋಸಿನ್ಯಾಗ ಎಲ್ಲಾ ಖಾರ ಕುಂತಿರತೈತಿ" ಎಂದು ಹೇಳದೆ ಬಿಡುತ್ತಿರಲಿಲ್ಲ.

ಕಾಕಾನನ್ನು ನಾನು ದೇವರು ಮಾಡಲು ಹೊರಟಿಲ್ಲ. ಅದೇ ಕೆಂಪು ನೀರು ಜ್ವರಕ್ಕೂ ಅಜೀರ್ಣಕ್ಕೂ ಹೋಗುತ್ತಿದ್ದದ್ದನ್ನು ಕಂಡಿದ್ದೇನೆ. ಔಷಧ ಬೆರೆಸುವವರಿಗೆ ಓದು ಬೇಕು, ನೋಂದಣಿ ಬೇಕು ಎಂದು ಕರ್ನಲ್ ಚೋಪ್ರಾ ಅವರ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿ 1930ರ ದಶಕದ ಆರಂಭದಲ್ಲೇ ಹೇಳಿತ್ತು. 1940ರಲ್ಲಿ ಔಷಧ ಕಾಯ್ದೆ ಬಂತು, 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ಡಾಕ್ಟರ ಚೀಟಿಯ ಮೇಲೆ ಔಷಧ ಕೊಡುವವನು ನೋಂದಾಯಿತ ಫಾರ್ಮಸಿಸ್ಟನೇ ಆಗಿರಬೇಕು ಎಂದಾಯಿತು. ಆಗಬೇಕಾದದ್ದೇ. ಆದರೆ ಅದೇ ಹೊತ್ತಿಗೆ ಇನ್ನೊಂದು ನಡೆಯಿತು. ಬೆರೆಸುವ ಕೆಲಸವನ್ನು ಕಾರ್ಖಾನೆ ತೆಗೆದುಕೊಂಡಿತು. ಖಲಬತ್ತು ಮೂಲೆಗೆ ಹೋಯಿತು, ಪಟ್ಟಿಯಲ್ಲಿ ಮುಚ್ಚಿದ ಗುಳಿಗೆ ಬಂತು. ಓದಿ ಬಂದ ನಮಗೆ ಉಳಿದದ್ದು ಕಪಾಟಿನಿಂದ ತೆಗೆದು ಕತ್ತರಿಸಿ ಕೊಡುವುದು. ಓದಿಲ್ಲದ ಕಾಕಾ ಪ್ರತಿಯೊಬ್ಬರ ಹತ್ತಿರವೂ ಮಾತಾಡುತ್ತಿದ್ದರು. ಸರ್ಟಿಫಿಕೇಟು ಗೋಡೆಗೆ ತೂಗುಹಾಕಿಕೊಂಡ ನಾವು ಮೂಕರಾದೆವು.

ಈಗ ಮತ್ತೆ ಮಾತಾಡಿ ಎಂದು ಕಾನೂನೇ ಹೇಳುತ್ತಿದೆ. 2015ರ ಫಾರ್ಮಸಿ ವೃತ್ತಿ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗಿದೆ. ಔಷಧದ ಹೆಸರೇನು, ಯಾತಕ್ಕೆ, ಹೇಗೆ ತೆಗೆದುಕೊಳ್ಳಬೇಕು, ಏನು ಅಡ್ಡ ಪರಿಣಾಮ ಆಗಬಹುದು, ಎಲ್ಲಿ ಇಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಇಷ್ಟನ್ನೂ ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟನ ಕರ್ತವ್ಯ. ಹಾಗಾಗಿ ಆ ತಾಯಿಗೆ ಡಬ್ಬಿ ಕೊಟ್ಟ ದಿನ ನನ್ನ ಕೆಲಸ ಮುಗಿದಿರಲೇ ಇಲ್ಲ. ಅರ್ಧ ಮಾತ್ರ ಆಗಿತ್ತು.

ಇದನ್ನೇ ಓದಲು 2008ರಲ್ಲಿ ಫಾರ್ಮ್.ಡಿ. ಎಂಬ ಆರು ವರ್ಷದ ಪದವಿ ದೇಶದಲ್ಲಿ ಶುರುವಾಯಿತು. ನಮ್ಮ ರಾಜ್ಯ ಇದರಲ್ಲಿ ಹಿಂದೆ ಬಿದ್ದಿಲ್ಲ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನವರು 1990ರ ದಶಕದ ಕೊನೆಯ ಹೊತ್ತಿಗೇ ವಿದ್ಯಾರ್ಥಿಗಳನ್ನು ಆಸ್ಪತ್ರೆಯ ವಾರ್ಡುಗಳಿಗೆ ಕರೆದೊಯ್ದು ಡಾಕ್ಟರ ಜೊತೆ ಹಾಸಿಗೆಯಿಂದ ಹಾಸಿಗೆಗೆ ತಿರುಗಿಸುತ್ತಿದ್ದರು. ನನ್ನ ಅಣ್ಣನ ಮಗಳು ಈ ಪದವಿ ಓದಿದಳು. ವಾರ್ಡಿನಲ್ಲಿ ಅವಳು ಕಲಿತ ಮೊದಲ ಪಾಠ ರೋಗಿಯ ಚೀಲ ಸುರುವಿ ನೋಡುವುದು. "ಕಾಕಾ, ಮೂರು ದವಾಖಾನಿ ಚೀಟಿ ಇರತಾವು. ಎರಡರಾಗ ಅದ ನೋವಿನ ಗುಳಿಗಿ ಬ್ಯಾರೆ ಬ್ಯಾರೆ ಹೆಸರಿನ್ಯಾಗ. ಎರಡೂ ನುಂಗತಿರತಾರ" ಎನ್ನುತ್ತಿದ್ದಳು. ಇದು ರಾಣೇಬೆನ್ನೂರಿನ ಕಡೆ ನನಗೂ ಗೊತ್ತಿದ್ದ ಸಂಗತಿಯೇ. ಅಲ್ಲಿ ಹೈಬ್ರಿಡ್ ಬೀಜದ ಪ್ಲಾಟುಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸ ಮಾಡುವವರು ಬಹಳ. ದಿನವಿಡೀ ಬಗ್ಗಿದ ಸೊಂಟ ರಾತ್ರಿ ಸುಮ್ಮನಿರುತ್ತದೆಯೇ? ನೋವಿನ ಗುಳಿಗೆ ಅವರಿಗೆ ಚಹಾ ಇದ್ದ ಹಾಗೆ. ಬಿ.ಪಿ. ಗುಳಿಗೆ ನುಂಗುವವರು ಅದರ ಜೋಡಿ ಇದನ್ನೂ ತಿಂಗಳುಗಟ್ಟಲೆ ನುಂಗಿದರೆ ಬಿ.ಪಿ. ಹತೋಟಿ ತಪ್ಪುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಇಬ್ಬರು ಡಾಕ್ಟರೂ ತಮ್ಮ ಚೀಟಿಯನ್ನಷ್ಟೇ ನೋಡಿದ್ದಾರೆ. ಎರಡೂ ಚೀಟಿ ಒಂದೇ ಮೇಜಿನ ಮೇಲೆ ಬೀಳುವ ಜಾಗ ಔಷಧದಂಗಡಿ.

ಡಾಕ್ಟರಿಗೆ ಹೊತ್ತಾದರೂ ಎಲ್ಲಿದೆ? 67 ದೇಶಗಳ ಲೆಕ್ಕ ತೆಗೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನಲ್ಲಿ ಡಾಕ್ಟರು ಒಬ್ಬ ರೋಗಿಗೆ ಸರಾಸರಿ 22 ನಿಮಿಷ ಕೊಟ್ಟರೆ ನಮ್ಮ ದೇಶದಲ್ಲಿ ಸಿಗುವುದು ಸುಮಾರು 2 ನಿಮಿಷ. ನಮ್ಮ ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ. ಈಗ ಡಾಕ್ಟರು ಹೆಚ್ಚಿದ್ದಾರೆ, ನಿಜ. ಪಾಳಿಯೂ ಹೆಚ್ಚಿದೆ. ಯಾವುದೇ ಊರಿನ ಸರ್ಕಾರಿ ಆಸ್ಪತ್ರೆಯ ಔಷಧದ ಕಿಟಕಿಯ ಮುಂದೆ ನಿಂತು ನೋಡಿ. ಕಿಟಕಿಯೊಳಗೆ ಕೂತ ಫಾರ್ಮಸಿ ಅಧಿಕಾರಿಯೂ ನನ್ನಂತೆ ಓದಿದವರೇ, ಹೇಳುವ ಮನಸ್ಸೂ ಇದ್ದೀತು. ಹಿಂದಿನವರು ತಳ್ಳುತ್ತಿರುವಾಗ, ಗಾಜಿನ ತೂತಿನಿಂದ ಏನು ಹೇಳಿದರೂ ಅರ್ಧ ಕೇಳಿಸುತ್ತದೆ. "ಇದು ಮೂರ್ ಸಲ, ಇದು ಎರಡ್ ಸಲ" ಎನ್ನುವುದರೊಳಗೆ ಮುಂದಿನ ಕೈ ಒಳಗೆ ಬಂದಿರುತ್ತದೆ.

ಶ್ರಾವಣದ ಒಂದು ಮಾತು ಹೇಳಬೇಕು. ನಮ್ಮ ಕಡೆ ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರು ಮನೆಗಿಬ್ಬರು. ಸಂಜೆ ಪೂಜೆ ಆಗುವವರೆಗೆ ಹೊಟ್ಟೆಗೆ ಏನೂ ಇಲ್ಲ. ಆದರೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ಡಾಕ್ಟರು ಹೇಳಿದ್ದಾರೆಂದು ಮುಂಜಾನೆ ತಪ್ಪದೆ ನುಂಗುತ್ತಾರೆ. ಈ ಗುಳಿಗೆಗಳಲ್ಲಿ ಕೆಲವು, ನೀವು ಉಂಡರೂ ಬಿಟ್ಟರೂ ರಕ್ತದ ಸಕ್ಕರೆ ಇಳಿಸುತ್ತಲೇ ಹೋಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಬೆವರು, ನಡುಕ, ಕಣ್ಣು ಕತ್ತಲೆ. ಮನೆಯವರು ಉಪವಾಸದ ನಿತ್ರಾಣ ಎಂದುಕೊಳ್ಳುತ್ತಾರೆ. ಕೆಲವರು ಎಚ್ಚರ ತಪ್ಪಿದ್ದೂ ಇದೆ. ರಂಜಾನ್ ತಿಂಗಳಲ್ಲಿ ರೋಜಾ ಹಿಡಿಯುವವರಿಗೂ ಇದೇ ಅಪಾಯ. ಉಪವಾಸ ಬಿಡಿ ಎಂದು ಹೇಳಲು ನಾನು ಯಾರು? ಶ್ರಾವಣ ಬರುವ ಮೊದಲೇ ಡಾಕ್ಟರನ್ನು ಕಂಡು ಆ ದಿನದ ಗುಳಿಗೆ ಏನು ಮಾಡಲಿ ಎಂದು ಕೇಳಿ ಬನ್ನಿ ಅನ್ನಬಹುದು. ಆಷಾಢದ ಕೊನೆಯ ವಾರದಲ್ಲಿ ಸಕ್ಕರೆ ಗುಳಿಗೆ ಒಯ್ಯಲು ಬಂದವರನ್ನೆಲ್ಲ ನಾನು ಈಗ ಕೇಳುವ ಪ್ರಶ್ನೆ ಒಂದೇ: "ಒಪ್ಪತ್ತು ಮಾಡ್ತೀರೇನ್ರಿ?" ಔಷಧದಂಗಡಿಯವನಿಗೆ ಇದೆಲ್ಲ ಯಾಕೆ ಎಂದು ಮೊದಮೊದಲು ಹುಬ್ಬು ಏರಿಸಿದವರಿದ್ದಾರೆ. ಈಗ ಅವರೇ ಬಂದು ಹೇಳುತ್ತಾರೆ.

ನಮ್ಮನ್ನು ಜನ ಅರ್ಧ ಡಾಕ್ಟರು ಎನ್ನುತ್ತಾರೆ. ಹೊಗಳಿಕೆ ಎಂದು ಹಿಗ್ಗಿದರೆ ಕೆಟ್ಟೆವು. ಮೂರನೇ ಸಲ ಕೆಮ್ಮಿನ ಬಾಟಲಿ ಕೇಳಲು ಬಂದವರಿಗೆ ಮೂರನೇ ಬಾಟಲಿ ಕೊಡುವುದು ವ್ಯಾಪಾರ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಬೇಕು, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ತೊಟ್ಟು ಬಿಡಿಸುವವರ ಕೆಮ್ಮನ್ನು ಘಾಟಿನ ಮೇಲೆ ಹಾಕಿಬಿಡುವುದು ಸುಲಭ. ಹಾಗೆ ಹಾಕಿದ್ದರ ಹಿಂದೆ ಕ್ಷಯ ಅಡಗಿ ಕೂತಿರಬಹುದು. 2018ರಿಂದ ಕ್ಷಯದ ಔಷಧ ಮಾರಿದ ಅಂಗಡಿಯವರೂ ಆ ಮಾಹಿತಿಯನ್ನು ಸರ್ಕಾರಕ್ಕೆ ಕೊಡಬೇಕೆಂಬ ನಿಯಮವಿದೆ. ಮಕ್ಕಳ ಕೆಮ್ಮಿನ ಸಿರಪ್ಪಿನ ಮಾತಂತೂ ಕೇಳಲೇಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, ಎರಡು ವರ್ಷದೊಳಗಿನ ಕೂಸುಗಳಿಗೆ ಇಂಥ ಸಿರಪ್ ಕೊಡಲೇಬಾರದು ಎಂದು ಕೇಂದ್ರ ಆರೋಗ್ಯ ಇಲಾಖೆ ಮತ್ತೆ ಎಚ್ಚರಿಸಿತು. ಆದರೂ ಕೂಸನ್ನು ಬಗಲಲ್ಲಿ ಎತ್ತಿಕೊಂಡು "ಒಂದ್ ಬಾಟ್ಲಿ ಕೊಡ್ರಿ ಸಾಕು" ಎನ್ನುವವರು ಬರುತ್ತಲೇ ಇದ್ದಾರೆ.

ಎರಡೇ ಎರಡು ಆಂಟಿಬಯಾಟಿಕ್ ಗುಳಿಗೆ ಕೇಳುವವರೂ ಅಷ್ಟೇ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಡುವ ಔಷಧವಲ್ಲ. ಅವುಗಳಲ್ಲೇ ಇನ್ನೂ ಬಿಗಿಯಾದ ಒಂದು ಪಟ್ಟಿಯಿದೆ, ಎಚ್-1 ಎಂದು ಕರೆಯುತ್ತಾರೆ. ಅದರಲ್ಲಿನ ಔಷಧ ಮಾರಿದರೆ ಬರೆದ ಡಾಕ್ಟರ ಹೆಸರು, ಒಯ್ದ ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಂಬುದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. 2014ರಿಂದ ಇದು ಜಾರಿಯಲ್ಲಿದೆ. ನಿಮ್ಮ ಹೆಸರು ಕೇಳಿದಾಗ ಸಿಟ್ಟಾಗಬೇಡಿ.

ಚರ್ಮಕ್ಕೆ ಹಚ್ಚುವ ಟ್ಯೂಬುಗಳ ಕಥೆ ಬ್ಯಾಡಗಿಯಲ್ಲಿ ಬೇರೆಯೇ. ಮೆಣಸಿನಕಾಯಿಂದ ಕೈ ಉರಿಯುತ್ತದೆ, ಬೆವರಿಗೆ ಗಜಕರ್ಣ ಆಗುತ್ತದೆ, ಪಕ್ಕದವರು ಹೇಳಿದ ಟ್ಯೂಬು ಕೇಳಿಕೊಂಡು ಬರುತ್ತಾರೆ. ಅದರಲ್ಲಿ ಸ್ಟೆರಾಯ್ಡ್ ಇರುತ್ತದೆ. ಎರಡು ದಿನ ತುರಿಕೆ ತಣ್ಣಗಾಗಿ, ಒಳಗೊಳಗೇ ಗಜಕರ್ಣ ಹಬ್ಬಿ, ಚರ್ಮ ತೆಳ್ಳಗಾಗಿ ಮತ್ತೆ ಬರುತ್ತಾರೆ. 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ಸರ್ಕಾರ ಚೀಟಿ ಬೇಕಾದ ಔಷಧಗಳ ಸಾಲಿಗೆ ಸೇರಿಸಿತು. ಬರೀ ಕೈ ಉರಿಗಾದರೆ ಟ್ಯೂಬಿನ ಖರ್ಚೇ ಬೇಡ. ಖಾರದ ಅಂಶ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಮೊದಲು ಅಡುಗೆ ಎಣ್ಣೆ ಸವರಿ ತಿಕ್ಕಿ, ಆಮೇಲೆ ಸಾಬೂನಿನಿಂದ ತೊಳೆಯಿರಿ. ತೊಟ್ಟು ಬಿಡಿಸುವ ಅಜ್ಜಿಯರಿಗೆ ಇದು ನನಗಿಂತ ಮೊದಲೇ ಗೊತ್ತು. ಯಾಕೆ ಹಾಗೆ ಎಂದು ಮಾತ್ರ ನಾನು ಓದಿ ತಿಳಿದೆ.

ಜನರಿಕ್ ಔಷಧದ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಜನೌಷಧಿ ಕೇಂದ್ರಗಳು 2008ರಲ್ಲಿ ಶುರುವಾದವು. ಅಲ್ಲಿ ಕಡಿಮೆ ಬೆಲೆಗೆ ಸಿಗುವ ಗುಳಿಗೆ ಕಸುವಿಲ್ಲದ್ದು ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಬೆಲೆ ಇಳಿದದ್ದು ಕಂಪನಿಯ ಹೆಸರು ಮತ್ತು ಜಾಹೀರಾತಿನ ಖರ್ಚು ಇಲ್ಲದ್ದರಿಂದ. ಹಾಗಾದರೆ ಚೀಟಿಯಲ್ಲಿ ಬರೆದ ದುಬಾರಿ ಕಂಪನಿಯ ಬದಲು ಅದೇ ಔಷಧವನ್ನು ಕಡಿಮೆ ಬೆಲೆಯ ಕಂಪನಿಯದ್ದು ನಾನೇ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಕೊಡುವಂತಿಲ್ಲ. ಚೀಟಿ ಬೇಕಾದ ಔಷಧಗಳಲ್ಲಿ ಬರೆದದ್ದರ ಬದಲು ಬೇರೆ ತಯಾರಿಕೆ ಕೊಡಕೂಡದು ಎಂದು ಔಷಧ ನಿಯಮಗಳ 65ನೇ ನಿಯಮ ಹೇಳುತ್ತದೆ, ಒಳಗಿನ ಔಷಧ ಅದೇ ಆಗಿದ್ದರೂ ಸಹ. ಈ ಗಂಟು ಬಿಚ್ಚುವುದು ನಮ್ಮ ಕೈಯಲ್ಲಿಲ್ಲ, ಡಾಕ್ಟರ ಕೈಯಲ್ಲಿದೆ. ಔಷಧದ ಮೂಲ ಹೆಸರಿನಲ್ಲಿ ಬರೆದುಕೊಡಿ ಎಂದು ಅಲ್ಲೇ ಕೇಳಿ.

ಇನ್ನು ನಮ್ಮ ವೃತ್ತಿಯ ಹುಳುಕು. ಬೇರೆಯವರ ತಪ್ಪನ್ನಷ್ಟೇ ಎಣಿಸಿ ಎದ್ದು ಹೋದರೆ ನ್ಯಾಯವಾಗುವುದಿಲ್ಲ. ಗೋಡೆಯ ಮೇಲೆ ಸರ್ಟಿಫಿಕೇಟು ಒಬ್ಬರದು, ಕೌಂಟರಿನಲ್ಲಿ ನಿಂತವನು ಇನ್ನೊಬ್ಬ. ಸರ್ಟಿಫಿಕೇಟಿನ ಯಜಮಾನ ಬೇರೆ ಊರಿನಲ್ಲಿ ಬೇರೆ ನೌಕರಿಯಲ್ಲಿದ್ದು ತಿಂಗಳಿಗಿಷ್ಟು ಬಾಡಿಗೆ ತೆಗೆದುಕೊಳ್ಳುತ್ತಾನೆ. ಇದು ಯಾವ ಊರಿನಲ್ಲಿ ಎಂದು ಹೇಳುವುದಿಲ್ಲ. ಯಾವ ಊರಿನಲ್ಲಿ ಇಲ್ಲ ಎಂದು ಹೇಳುವುದು ಕಷ್ಟ. ಅಂಥ ಕಡೆ ಚೀಟಿ ಓದುವವನು ಹತ್ತನೆಯ ತರಗತಿ ಮುಗಿಸಿದ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಹೊಟ್ಟೆಪಾಡಿಗೆ ನಿಂತವನು. ಬಾಡಿಗೆ ತಿನ್ನುವವನಿಗೆ ಮಾತ್ರ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ.

ಹೊಸ ಹುಡುಗರು ಓದಿ ಎಲ್ಲಿ ಹೋಗುತ್ತಾರೆ? ನನ್ನ ಅಣ್ಣನ ಮಗಳು ಬೆಂಗಳೂರಿನಲ್ಲಿ ಒಂದು ಕಂಪನಿಯ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಪರದೇಶದ ರೋಗಿಗಳಿಗೆ ಔಷಧದಿಂದಾದ ತೊಂದರೆಗಳ ವರದಿ ಓದುವ ಕೆಲಸ. ಊರಿಗೆ ಬಾ, ಕೌಂಟರಿಗೆ ನಿಲ್ಲು ಎಂದರೆ, "ಅಲ್ಲಿ ನನ್ನ ಮಾತಿಗೆ ಯಾರ್ ರೊಕ್ಕ ಕೊಡ್ತಾರ ಕಾಕಾ?" ಎನ್ನುತ್ತಾಳೆ. ಅವಳ ಪ್ರಶ್ನೆ ಸುಳ್ಳಲ್ಲ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಕ್ಕೆ ಚಿಲ್ಲರೆ ಅಂಗಡಿಯ ಪಾಲು ಶೇ. 16 ಎಂದು 2013ರ ಆದೇಶದಲ್ಲಿದೆ. ಅದು ಸಿಗುವುದು ಗುಳಿಗೆ ಮಾರಿದ್ದಕ್ಕೆ. ಹತ್ತು ನಿಮಿಷ ಕೂಡಿಸಿಕೊಂಡು ಯಂತ್ರ ಹಿಡಿಯಲು ಕಲಿಸಿದ್ದಕ್ಕೆ, ನೋವಿನ ಗುಳಿಗೆ ಬೇಡ ಎಂದು ವಾಪಸು ಕಳಿಸಿದ್ದಕ್ಕೆ ಏನೂ ಇಲ್ಲ, ಕಳಿಸಿದ್ದಕ್ಕೆ ನಷ್ಟವೇ. ಇಂಗ್ಲೆಂಡಿನಲ್ಲಿ 2024ರ ಜನವರಿ 31ರಿಂದ ಒಂದು ವ್ಯವಸ್ಥೆ ಬಂದಿದೆ. ಗಂಟಲು ನೋವು, ಕಿವಿ ನೋವಿನಂಥ ಏಳು ತೊಂದರೆಗಳಿಗೆ ಜನ ನೇರ ಫಾರ್ಮಸಿಗೆ ಹೋಗಬಹುದು. ನೋಡಿ, ಕೇಳಿ, ಸಲಹೆ ಕೊಟ್ಟದ್ದಕ್ಕೆ ಒಂದು ಸಲಕ್ಕೆ 15 ಪೌಂಡು ಸರ್ಕಾರವೇ ಕೊಡಲು ಶುರುಮಾಡಿತು. ನಮ್ಮಲ್ಲಿ ನಾಳೆಯೇ ಹಾಗಾಗಬೇಕು ಎನ್ನುವುದಿಲ್ಲ. ಆದರೆ ಮಾತು ಕರ್ತವ್ಯ ಎಂದು ನಿಯಮದಲ್ಲಿ ಬರೆದು, ಅದರ ಕೂಲಿಯನ್ನು ಗುಳಿಗೆಯ ಲಾಭದಲ್ಲೇ ಹುಡುಕಿಕೋ ಎಂದರೆ, ಹೆಚ್ಚು ಗುಳಿಗೆ ಮಾರುವವನೇ ಜಾಣ ಎಂದಾಗುತ್ತದೆ. ಈ ಲೆಕ್ಕ ತಪ್ಪಾಗಿದೆ.

ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ನಾವು ಈಗ ಅಂಗಡಿಯಲ್ಲಿ ಪೊಟ್ಟಣದ ಮೇಲೆ ಸೂರ್ಯ ಚಂದ್ರರ ಚಿತ್ರ ಬರೆದು ಕೊಡುತ್ತೇವೆ. ಬೆಳಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಕಾಕಾನ ಕಾಗದದ ಕಚ್ಚಿನ ಮೊಮ್ಮಕ್ಕಳು ಇವು. ಪಟ್ಟಿಯನ್ನು ಅವಧಿಯ ದಿನಾಂಕ ಇಲ್ಲದ ಕಡೆಯಿಂದಲೇ ಕತ್ತರಿಸುತ್ತೇವೆ, ಕೊನೆಯ ಗುಳಿಗೆ ಮುಗಿಯುವವರೆಗೆ ದಿನಾಂಕ ಅಂಗಡಿಯಲ್ಲೋ ನಿಮ್ಮ ಮನೆಯಲ್ಲೋ ಉಳಿದಿರಲಿ ಎಂದು. ಇನ್ಸುಲಿನ್ ಒಯ್ಯುವವರಿಗೆ ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಇಡಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಿತು, ಬಾಗಿಲ ಕಡೆ ಇಡಿ, ಫ್ರಿಜ್ ಇಲ್ಲದವರು ನೀರು ಚಿಮುಕಿಸಿದ ಮಣ್ಣಿನ ಗಡಿಗೆಯಲ್ಲಿ ಇಡಿ ಎಂದು ಹೇಳುತ್ತೇವೆ. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು ಎಂಥದೆಂದು ಹೇಳಬೇಕಿಲ್ಲ.

ಆ ತಾಯಿಯನ್ನು ಅವತ್ತು ಒಳಗಿನ ಬಾಕಿನ ಮೇಲೆ ಕೂಡಿಸಿ, ಹೊಸ ಯಂತ್ರ ತೆಗೆದು, ಕ್ಯಾಪ್ಸೂಲು ಹಾಕುವುದು, ತಿರುವುವುದು, ಉಸಿರು ಪೂರಾ ಹೊರಗೆ ಬಿಟ್ಟು ಆಮೇಲೆ ಒಳಗೆಳೆಯುವುದು, ಹತ್ತು ಎಣಿಸುವವರೆಗೆ ಹಿಡಿಯುವುದು, ಎಲ್ಲ ಮಾಡಿ ತೋರಿಸಿದೆ. ಮೂರನೆಯ ಸಲ ಅವರೇ ಮಾಡಿದರು. ಆಮೇಲೆ ಬಾಯಿ ಮುಕ್ಕಳಿಸಲು ನೀರು ಕೊಟ್ಟೆ. ಡಾಕ್ಟರಿಗೂ ತಿಳಿಸಿ ಬನ್ನಿ ಎಂದು ಒಂದು ಚೀಟಿ ಬರೆದು ಕಳಿಸಿದೆ. ಯಂತ್ರದ ರೊಕ್ಕ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಲು ಮುಖವಿರಲಿಲ್ಲ.

ಕೇಳುಗರಲ್ಲಿ ನನ್ನ ವಿನಂತಿ. ಮುಂದಿನ ಸಲ ಔಷಧದಂಗಡಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಎಲ್ಲ ಚೀಟಿಗಳನ್ನೂ ಒಂದೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ಗಿಡಮೂಲಿಕೆಯ ಪುಡಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಬಿಲ್ಲು ಕೇಳಿ. ಯಾವುದಾದರೂ ಔಷಧದಿಂದ ಮೈಮೇಲೆ ದದ್ದು ಎದ್ದರೆ, ಮುಖ ಊದಿಕೊಂಡರೆ, ಮೊದಲು ಡಾಕ್ಟರ ಹತ್ತಿರ ಓಡಿ; ಆಮೇಲೆ 1800-180-3024 ಎಂಬ ಪುಕ್ಕಟೆ ಸಂಖ್ಯೆಗೆ ಫೋನು ಮಾಡಿ ವರದಿ ಮಾಡಿ. ಔಷಧದ ಅಡ್ಡ ಪರಿಣಾಮಗಳನ್ನು ದಾಖಲಿಸುವ ಸರ್ಕಾರಿ ಸಂಖ್ಯೆ ಅದು. ಕೌಂಟರಿನಲ್ಲಿ ಎಷ್ಟೇ ಗದ್ದಲವಿದ್ದರೂ, "ಫಾರ್ಮಸಿಸ್ಟ್ ಯಾರ್ರಿ ಇಲ್ಲಿ? ಇದನ್ನ ಹೆಂಗ್ ತಗೋಬೇಕ್ರಿ?" ಎಂದು ಕೇಳಿ. ಹೇಳಿದ್ದು ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ. ಹೇಳದೆ ಕಳಿಸುವ ಹಕ್ಕು ನಮಗಿಲ್ಲ.